ಸಿರಿಲ್ ಬರೆದುಕೊಟ್ಟ ದಾರಿ

ಆ ಶನಿವಾರ ಹೊರೇಸ್ ಟಿಬಿಟ್ ಬೇಲಿ ಕತ್ತರಿಸಲು ಹೋಗದೆ ಒಳಗೆ ಸುಮ್ಮನೆ ಕುಳಿತಿದ್ದರೆ ಅವನ ಪ್ರವಾಸ ಅವನ ಕೈಯಲ್ಲೇ ಉಳಿಯುತ್ತಿತ್ತು. ಬೇಲಿಯ ಆಚೆ ಪಕ್ಕದ ಮನೆಯ ಸಿರಿಲ್ ಬ್ಯಾಗ್‌ಶಾ ಗುಲಾಬಿಗೆ ಔಷಧ ಹೊಡೆಯುತ್ತಿದ್ದ. ಸುಮ್ಮನಿರಲಾರದೆ ಹೊರೇಸ್, "ಈ ಸಲ ನಾವೂ ಕಾರು ತಗೊಂಡು ಫ್ರಾನ್ಸಿಗೆ ಹೋಗೋಣ ಅಂತಿದೀವಿ" ಎಂದು ಬಾಯಿಬಿಟ್ಟ. ಸಿರಿಲ್ ಔಷಧದ ಡಬ್ಬಿಯನ್ನು ನಿಧಾನವಾಗಿ ಕೆಳಗಿಟ್ಟು, ಕೈ ಒರೆಸಿಕೊಂಡು, ಬೇಲಿಯ ಮೇಲೆ ಮೊಣಕೈ ಊರಿ ನಿಂತ. ಆಮೇಲೆ ಎರಡು ತಿಂಗಳು ಅವನು ಆ ಬೇಲಿ ಬಿಟ್ಟು ಕದಲಲಿಲ್ಲ ಎಂದರೂ ನಡೆಯುತ್ತದೆ.

ಇಂಗ್ಲೆಂಡಿನ ವಾಲ್ಸಾಲ್ ಊರಿನ ಲಾರ್ಚ್ ಕ್ಲೋಸ್ ಎಂಬ ಆ ಹನ್ನೊಂದು ಮನೆಗಳ ಬೀದಿಗೆ ಯುರೋಪ್ ಎಂದರೆ ಸಿರಿಲ್. ಹದಿನೈದು ವರ್ಷಗಳಿಂದ ಪ್ರತಿ ಆಗಸ್ಟಿನಲ್ಲಿ ಕಾರಿನ ತಲೆಯ ಮೇಲೆ ಡೇರೆ ಕಟ್ಟಿ, ಹೆಂಡತಿ ಹಿಲ್ಡಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟುಬಿಡುತ್ತಿದ್ದ. ಒಂದು ವರ್ಷ ಫ್ರಾನ್ಸ್, ಇನ್ನೊಂದು ವರ್ಷ ಸ್ಪೇನ್, ಮತ್ತೊಂದು ವರ್ಷ ಸ್ವಿಟ್ಜರ್ಲೆಂಡ್. ಬಂದ ಮೇಲೆ ಬೀದಿಯವರನ್ನೆಲ್ಲ ಕರೆದು, ಗೋಡೆಗೆ ಬಿಳಿ ಹೊದಿಕೆ ಕಟ್ಟಿ, ಸ್ಲೈಡ್ ತೋರಿಸುತ್ತಿದ್ದ. ಎಲ್ಲ ಚಿತ್ರದಲ್ಲೂ ಮುಂದೆ ಹಿಲ್ಡಾ, ಹಿಂದೆ ನೀರು. ಸ್ವಿಟ್ಜರ್ಲೆಂಡಿಗೆ ಸಮುದ್ರ ಎಲ್ಲಿಂದ ಬಂತು ಎಂದು ಯಾರೋ ಒಮ್ಮೆ ಕೇಳಿದ್ದಕ್ಕೆ, "ಅದು ಸರೋವರ ಮಾರಾಯಾ, ಅಲ್ಲಿಯ ಸರೋವರ ಅಂದ್ರೆ ಹಾಗೇ ಇರುತ್ತೆ" ಎಂದು ಗದರಿಸಿದ್ದ. ಹಿಲ್ಡಾ ಮಾತ್ರ ಆ ಸಂಜೆಗಳಲ್ಲಿ ಬಿಸ್ಕತ್ತಿನ ತಟ್ಟೆ ಹಿಡಿದು ಓಡಾಡುತ್ತಿದ್ದಳೇ ಹೊರತು ತುಟಿ ಎರಡು ಮಾಡುತ್ತಿರಲಿಲ್ಲ.

ಹೊರೇಸ್ ಕುದುರೆಯ ಜೀನು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಗಾರ. ತಾನು ಹೊಲಿದ ಜೀನು ದೇಶ ದೇಶಕ್ಕೆ ಹೋಗಿದ್ದರೂ ಅವನು ಮದುವೆಯಾದಾಗಿನಿಂದ ಇಪ್ಪತ್ತೆರಡು ವರ್ಷ ರಜಕ್ಕೆ ಹೋದದ್ದು ಬಾರ್ಮತ್ ಎಂಬ ವೇಲ್ಸಿನ ಕಡಲೂರಿಗೆ, ಅದೇ ಬಾಡಿಗೆ ಕ್ಯಾರವಾನಿಗೆ, ಎಂದರೆ ಗಾಲಿಯ ಮೇಲಿನ ಮನೆಗೆ. ಹೆಂಡತಿ ಡೋರೀನ್ ಮೂರು ಚಳಿಗಾಲ ಮಂಗಳವಾರದ ಸಂಜೆ ತರಗತಿಗೆ ಹೋಗಿ ಫ್ರೆಂಚ್ ಕಲಿತಿದ್ದಳು. ಪಾತ್ರೆ ತೊಳೆಯುವಾಗ ನಲ್ಲಿಯ ಹತ್ತಿರ ಬ್ರೆಡ್ಡು ಕೇಳುತ್ತಿದ್ದಳು, ಬಟ್ಟೆ ಹರವುವಾಗ ಹಗ್ಗದ ಹತ್ತಿರ ರೈಲ್ವೆ ನಿಲ್ದಾಣದ ದಾರಿ ವಿಚಾರಿಸುತ್ತಿದ್ದಳು. ಈಸ್ಟರ್ ಕಳೆದ ಮೇಲೆ ಒಂದು ಭಾನುವಾರ ಮೊಟ್ಟೆ ಒಡೆಯುತ್ತ ಹೇಳಿದಳು, "ಹೊರೇಸ್, ಈ ವರ್ಷವೂ ಬಾರ್ಮತ್ ಆದ್ರೆ ಮುಂದಿನ ವರ್ಷ ನಾನು ಕ್ಲಾಸಿನವರ ಜೊತೆ ಹೋಗ್ತೀನಿ. ನೀನು ಕ್ಯಾರವಾನಿಗೆ ಹೋಗು. ನನಗೇನೂ ಬೇಜಾರಿಲ್ಲ."

ಆ ಕೊನೆಯ ಮಾತೇ ಹೊರೇಸನ ಎದೆಗೆ ನಾಟಿತು. ನಿಜ ಹೇಳಬೇಕೆಂದರೆ ಅವನಿಗೂ ಒಂದು ಆಸೆ ಇತ್ತು. ಯಾವುದೋ ಪರದೇಶದ ಚೌಕದಲ್ಲಿ, ಬಿಸಿಲಿಗೆ ಹಾಕಿದ ಮೇಜಿನ ಮುಂದೆ ಕುಳಿತು ಡೋರೀನ್ ಫ್ರೆಂಚಿನಲ್ಲಿ ಊಟ ಹೇಳಬೇಕು, ಆ ಮಾಣಿಗೆ ಅದು ಅರ್ಥವಾಗಬೇಕು, ಆಗ ಅವಳ ಮುಖ ಹೇಗಾಗುತ್ತದೆ ಎಂದು ತಾನು ಪಕ್ಕದಲ್ಲಿದ್ದು ನೋಡಬೇಕು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಮೊದಲನೇ ಮಾತು," ಎಂದಿದ್ದ ಸಿರಿಲ್ ಬೇಲಿಯ ಮೇಲಿಂದ. "ಬುಕಿಂಗ್ ಗಿಕಿಂಗ್ ಮಾಡ್ಸಬೇಡ. ಅದೆಲ್ಲಾ ಹೊಸಬರ ಕೆಲಸ. ನೆಟ್ಟಗೆ ಪೋರ್ಟ್ಸ್‌ಮತ್ ಬಂದರಿಗೆ ಹೋಗು. ಟಿಕೆಟ್ ಕಿಟಕಿಯಲ್ಲಿ 'ಒಂದು ಕಾರು, ಇಬ್ಬರು, ಎರಡು ವಾರ ಬಿಟ್ಟು ವಾಪಸ್' ಅನ್ನು. ಅಷ್ಟೇ. ಜಾಸ್ತಿ ಮಾತಾಡಿದ್ರೆ ಮೊದಲನೇ ಸಲ ಬಂದಿದಾನೆ ಅಂತ ಗೊತ್ತಾಗೋಗುತ್ತೆ."

"ಪಾಸ್‌ಪೋರ್ಟು?"

"ಹದಿನೈದು ವರ್ಷದಿಂದ ಹೋಗ್ತಿದೀನಿ. ಒಬ್ಬನಾದ್ರೂ ಒಂದು ದಿನ ಕೇಳಿದ್ರೆ ನನ್ನ ಹೆಸರು ಬದಲಾಯಿಸು. ಅಂಚೆ ಕಚೇರಿಯಲ್ಲಿ ಕ್ಯೂ ನಿಂತು ಕಾಲು ನೋಯಿಸ್ಕೋಬೇಡ."

"ಹಡಗಲ್ಲಿ ಎಷ್ಟು ಹೊತ್ತಾಗುತ್ತೆ ಸಿರಿಲ್? ಡೋರೀನ್‌ಗೆ ಅವರ ಮೇಷ್ಟ್ರು ಆರೇಳು ಗಂಟೆ ಅಂದಿದ್ರಂತೆ."

"ಮೇಷ್ಟ್ರು!" ಸಿರಿಲ್ ಆಕಾಶ ನೋಡಿದ. "ಮೇಷ್ಟ್ರು ಪುಸ್ತಕದಲ್ಲಿ ಹೋಗ್ತಾರೆ, ನಾನು ಹಡಗಲ್ಲಿ ಹೋಗ್ತೀನಿ. ಒಂದು ಕಪ್ ಟೀ, ಒಂದು ಬನ್ನು. ಅಷ್ಟರಲ್ಲಿ ದಡ."

ಹೀಗೆಂದು ಅವನು ಒಂದು ಹಾಳೆಯಲ್ಲಿ ದಾರಿ ಬರೆದುಕೊಟ್ಟ. ಮನೆಯ ಬಾಗಿಲಿನಿಂದ ಹಡಗಿನ ಬಾಯಿಯವರೆಗೆ ಒಂದು ಸರ್ಕಲ್ಲು, ಒಂದು ಪೆಟ್ರೋಲ್ ಬಂಕು ಬಿಟ್ಟಿರಲಿಲ್ಲ. ಎಲ್ಲಿ ಮೂತ್ರಕ್ಕೆ ನಿಲ್ಲಬೇಕು, ಎಲ್ಲಿ ನಿಲ್ಲಬಾರದು, ಎಲ್ಲವೂ ಇತ್ತು. ಹಾಳೆಯ ಹಿಂಬದಿಯಲ್ಲಿ ಮಾತ್ರ ಎರಡೇ ಸಾಲು: 'ಇಳಿದ ಮೇಲೆ ರಸ್ತೆಯ ಬಲಗಡೆ ಓಡಿಸು. ಮಿಕ್ಕಿದ್ದು ತಾನೇ ತಿಳಿಯುತ್ತೆ.' ಅದನ್ನು ಕೊಟ್ಟು, ಆಗಸ್ಟ್ ಮೊದಲ ಮಂಗಳವಾರ ಹಿಲ್ಡಾಳೊಂದಿಗೆ ತಾನು ಇಟಲಿಗೆ ಹೊರಟುಹೋದ.

ಅದೇ ವಾರದ ಶನಿವಾರ ಬೆಳಿಗ್ಗೆ ಆರಕ್ಕೆ ಟಿಬಿಟ್ ದಂಪತಿಗಳ ಸರದಿ. ಎದುರು ಮನೆಯ ಮಿಸೆಸ್ ಪ್ರಾಸರ್ ಕೂದಲು ಗುಂಗುರಾಗಲು ತಲೆಗೆ ಸುರುಳಿ ಸುತ್ತಿಕೊಂಡು, ನಿಲುವಂಗಿಯಲ್ಲೇ ಬೀದಿಗೆ ಬಂದಳು. ಮನೆಯ ಬೀಗದ ಕೈ ಈಸಿಕೊಂಡು, ಮೊಟ್ಟೆ ಸ್ಯಾಂಡ್‌ವಿಚ್ಚಿನ ಪೊಟ್ಟಣ ಕಿಟಕಿಯೊಳಗೆ ತುರುಕಿದಳು.

"ಫ್ರೆಂಚರು ಏನು ತಿನ್ನಿಸ್ತಾರೋ ಯಾರು ಕಂಡಿದಾರೆ. ಎರಡು ದಿನಕ್ಕೆ ಸಾಕಾಗುತ್ತೆ ಚಿನ್ನ. ಚರ್ಚಿನ ಪತ್ರಿಕೆಗೆ ನಿಮ್ಮ ವಿಷಯ ಆಗಲೇ ಬರೆದು ಕೊಟ್ಟಾಯ್ತು, 'ಬ್ಯಾಗ್‌ಶಾ ದಂಪತಿಗಳ ಬೆನ್ನಿಗೇ ಟಿಬಿಟ್ ದಂಪತಿಗಳು' ಅಂತ. ನಾಳೆ ಓದ್ತಾರೆ. ಬಂದ ಮೇಲೆ ನಿಮ್ಮ ಸ್ಲೈಡೂ ಆಗಬೇಕು, ಬಿಡೋಲ್ಲ."

ಬೀದಿಯ ಅರ್ಧ ಜನ ಬಾಗಿಲಲ್ಲಿ ನಿಂತು ಕೈ ಬೀಸಿದರು. ಹೊರೇಸ್ ಕಾರಿನ ಹಿಂಬದಿಗೆ, ಬ್ರಿಟನ್ನಿನ ಕಾರು ಎಂದು ಪರದೇಶದಲ್ಲಿ ಗುರುತು ಸಿಗಲು, ಟೀ ತಟ್ಟೆಯಷ್ಟು ದೊಡ್ಡ 'ಜಿಬಿ' ಫಲಕ ಅಂಟಿಸಿದ್ದ, ದೀಪಗಳಿಗೆ ಪರದೇಶದವರ ಕಣ್ಣು ಕುಕ್ಕದಂತೆ ಕರಿ ಟೇಪು ಹಚ್ಚಿದ್ದ, ಎದುರು ಗಾಜಿನ ಕೆಳಗೆ 'ಬಲಕ್ಕೆ!' ಎಂದು ಕೆಂಪಕ್ಷರದ ಚೀಟಿ ಇಟ್ಟಿದ್ದ.

ಸಿರಿಲ್ ಬರೆದದ್ದು ಕರಾರುವಾಕ್ಕಾಗಿತ್ತು. ಅವನು ಬಂಕು ಎಂದ ಕಡೆ ಬಂಕು, ಬಿಳಿ ಕುದುರೆಯ ಚಿತ್ರದ ಹೋಟೆಲು ಎಂದ ಕಡೆ ಬಿಳಿ ಕುದುರೆ. ಹೊರೇಸನಿಗೆ ಅವನ ಮೇಲಿನ ಗೌರವ ಮೈಲಿ ಮೈಲಿಗೂ ಏರಿತು. ಪೋರ್ಟ್ಸ್‌ಮತ್ ಹತ್ತಿರ ಬಂದಾಗ ಡೋರೀನ್ ಬೆರಳು ತೋರಿಸಿದಳು.

"ಹೊರೇಸ್, ಅಲ್ಲಿ ನೋಡು. ಯುರೋಪಿನ ಹಡಗು ಅಂತ ಬೋರ್ಡು. ಆ ಕಡೆ ತಿರುಗಬೇಕು."

"ಸಿರಿಲ್ ಅದನ್ನೂ ಬರೆದಿದಾನೆ. 'ಬೋರ್ಡು ಲಾರಿಗಳಿಗೆ, ನೋಡಬೇಡ, ನೇರ ಹೋಗು' ಅಂತ."

"ಕಾರುಗಳೂ ತಿರುಗ್ತಾ ಇವೆಯಲ್ಲ?"

"ಬುಕಿಂಗ್ ಮಾಡ್ಸಿದೋರು ಇರಬೇಕು ಪಾಪ" ಎಂದು ಹೊರೇಸ್ ನೇರ ಹೋದ.

ಕಿಟಕಿಯಲ್ಲಿ ಅವನು ಗಂಟಲು ಸರಿಮಾಡಿಕೊಂಡು, ಕಲಿತ ಪಾಠ ಒಪ್ಪಿಸಿದ, "ಒಂದು ಕಾರು, ಇಬ್ಬರು, ಎರಡು ವಾರ ಬಿಟ್ಟು ವಾಪಸ್." ಒಳಗಿದ್ದವಳು ತಲೆ ಎತ್ತದೆ ಟಿಕೆಟ್ ಹರಿದುಕೊಟ್ಟಳು. ಟಿಕೆಟ್ಟು ಅಷ್ಟು ಅಗ್ಗಕ್ಕೆ ಸಿಕ್ಕಿದ್ದಕ್ಕೆ ಹೊರೇಸ್ ಬೆರಗಾದ. ಪಾಸ್‌ಪೋರ್ಟನ್ನು ಯಾರೂ ಕೇಳಲಿಲ್ಲ. ಅವನು ಡೋರೀನ್ ಕಡೆ ತಿರುಗಿ, ನೋಡಿದೆಯಾ ಎನ್ನುವಂತೆ ಹುಬ್ಬು ಹಾರಿಸಿದ.

ಹಡಗು ಹೊರಟಿತು. ಕಾರುಗಳನ್ನು ಕೆಳಗೆ ಬಿಟ್ಟು ಎಲ್ಲರೂ ಮೇಲೆ ಬಂದರು. ಇಬ್ಬರೂ ಟೀ ಬನ್ನು ಹಿಡಿದು ಕುಳಿತರು. ಡೋರೀನ್ ಟೀ ಕೊಟ್ಟವಳಿಗೆ ಫ್ರೆಂಚಿನಲ್ಲಿ ಧನ್ಯವಾದ ಹೇಳಿದಳು. ಅವಳು, "ಏನ್ ಬೇಕಮ್ಮಾ, ಸಕ್ಕರೆನಾ?" ಎಂದು ಕೇಳಿದಳು. ಸುತ್ತ ನೋಡಿದರೆ ಮಕ್ಕಳೆಲ್ಲ ಮರಳಾಟದ ಬಕೆಟ್ಟು ಹಿಡಿದಿದ್ದವು, ಒಬ್ಬ ಅಜ್ಜ ನಾಯಿ ಕರೆದುಕೊಂಡು ಬಂದಿದ್ದ. ಯಾರ ಕೈಯಲ್ಲೂ ಫ್ರೆಂಚ್ ಪುಸ್ತಕವಿಲ್ಲ. ಹೊರೇಸನಿಗೆ ಏನೋ ಒಂದು ತರಹ ಆಯಿತು. ಜೇಬಿನಿಂದ ಟಿಕೆಟ್ ತೆಗೆದು, ಡೋರೀನ್‌ಗೆ ಕಾಣದಂತೆ ಮೇಜಿನ ಕೆಳಗೆ ಹಿಡಿದು ಓದಿದ. 'ಐಲ್ ಆಫ್ ವೈಟ್' ಎಂದಿತ್ತು. ಪೋರ್ಟ್ಸ್‌ಮತ್‌ನ ಎದುರಿಗೇ ಇರುವ ಇಂಗ್ಲೆಂಡಿನದೇ ದ್ವೀಪ.

ಬೇರೆ ಯಾರೇ ಆಗಿದ್ದರೂ ಎದ್ದು ಹೋಗಿ ಒಬ್ಬರನ್ನು ಕೇಳುತ್ತಿದ್ದರು. ಆದರೆ ಗುರುತಿಲ್ಲದವರನ್ನು ಮಾತಾಡಿಸುವುದಕ್ಕಿಂತ ಹೊರೇಸ್ ಸಮುದ್ರಕ್ಕೆ ಹಾರಿಯಾನು. ಕುಳಿತಲ್ಲೇ ಯೋಚಿಸಿ ಒಂದು ಸಮಾಧಾನ ಕಂಡುಕೊಂಡ. ರೈಲು ಮಧ್ಯದ ಊರುಗಳಲ್ಲಿ ನಿಲ್ಲುವುದಿಲ್ಲವೇ? ಹಾಗೆಯೇ ಹಡಗು ಇಲ್ಲಿ ಒಂದಿಷ್ಟು ಜನರನ್ನು ಇಳಿಸಿ ಮುಂದೆ ಫ್ರಾನ್ಸಿಗೆ ಹೋಗುತ್ತದೆ. ಟಿಕೆಟ್ಟಿನ ಮೇಲೆ ಮೊದಲನೇ ನಿಲ್ದಾಣದ ಹೆಸರು ಹಾಕಿದ್ದಾರೆ, ಅಷ್ಟೇ. ಬನ್ನು ಮುಗಿಯುವಷ್ಟರಲ್ಲಿ ಅವನಿಗೆ ಇದರಲ್ಲಿ ಪೂರ್ತಿ ನಂಬಿಕೆ ಬಂದಿತ್ತು.

ಮುಕ್ಕಾಲು ಗಂಟೆಗೆ ದಡ ಬಂತು. ಎಲ್ಲರೂ ಕೆಳಗಿಳಿದು ತಮ್ಮ ತಮ್ಮ ಕಾರಿನಲ್ಲಿ ಕುಳಿತರು. ಹಡಗಿನ ಬಾಯಿ ತೆರೆಯಿತು, ಮುಂದಿನ ಕಾರುಗಳು ಒಂದೊಂದಾಗಿ ಇಳಿದುಹೋದವು. ಹೊರೇಸ್ ಇಂಜಿನ್ ಆರಿಸಿ, ಕೈಕಟ್ಟಿ ಕುಳಿತ. ಹಿಂದಿನಿಂದ ಹಾರನ್ ಶುರುವಾಯಿತು.

"ಏನಾಯ್ತು ಗುರೂ, ಕೆಟ್ಟೋಯ್ತಾ?" ಕಿತ್ತಳೆ ಬಣ್ಣದ ಅಂಗಿ ತೊಟ್ಟ ಹಡಗಿನ ಆಳು ಕಿಟಕಿ ತಟ್ಟಿದ.

"ಇಲ್ಲಪ್ಪ. ನಾವು ಮುಂದಿನ ಸ್ಟಾಪು."

"ಮುಂದಿನ ಸ್ಟಾಪಾ?"

"ಫ್ರಾನ್ಸು."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡು, ಹಿಂದಕ್ಕೆ ತಿರುಗಿ ಕೂಗಿದ, "ಏ ಡೆರೆಕ್, ಬಾರೋ ಇಲ್ಲಿ. ಇವರು ಫ್ರಾನ್ಸಿನವರೆಗೂ ಬರ್ತಾರಂತೆ!"

ಡೆರೆಕ್ ಬಂದ, ಬಗ್ಗಿ ನೋಡಿದ. "ಸ್ವಾಮಿ, ಇದು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ. ನನ್ನ ಅಪ್ಪನ ಕಾಲದಿಂದ ಅಷ್ಟೇ ಓಡ್ತಿರೋದು. ನೀವು ಇಳೀದೇ ಇದ್ರೆ ಹಿಂದಿನ ನಲವತ್ತು ಕಾರಿನವರು ನಿಮ್ಮನ್ನ ತಳ್ಳಿ ಇಳಿಸ್ತಾರೆ. ಹೆಂಗೆ, ನೀವೇ ಹೇಳಿ."

ಡೋರೀನ್ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಹೊರೇಸನ ಕಿವಿ ಕೆಂಪಾಯಿತು. ಏನೂ ತೋಚದೆ ಇಂಜಿನ್ ಎಬ್ಬಿಸಿ ನುಗ್ಗಿದ. ದಡ ಹತ್ತಿ ರಸ್ತೆಗೆ ಬಂದಾಗ ಕಣ್ಣಿಗೆ ಬಿದ್ದದ್ದು ಕೆಂಪಕ್ಷರದ ಆ ಚೀಟಿ. ಗಾಬರಿಯಲ್ಲಿ ಅದನ್ನೇ ಪಾಲಿಸಿದ. ಮೊದಲ ತಿರುವಿನಲ್ಲೇ ಎದುರಿನಿಂದ ಬಂದ ಬಸ್ಸು ಕಿರ್ರನೆ ನಿಂತಿತು. ಎರಡರ ಮೂತಿಯ ನಡುವೆ ಒಂದು ಗೇಣು. ಬಸ್ಸಿನ ಚಾಲಕ ಇಳಿದು, ಸುತ್ತು ಹಾಕಿ ಬಂದು, 'ಜಿಬಿ' ಫಲಕ ಓದಿದ.

"ಎಲ್ಲಿಂದ ಬಂದ್ರಿ ಸ್ವಾಮಿ?"

"ವಾಲ್ಸಾಲ್‌ನಿಂದ."

"ಅಲ್ಲಿ ಬಲಗಡೆ ಓಡಿಸ್ತಾರಾ?"

ಬಸ್ಸಿನ ಕಿಟಕಿಗಳಿಂದ ಮೂವತ್ತು ತಲೆ ಹೊರಬಂದು ನಕ್ಕವು. ಒಬ್ಬ ಮುದುಕಿ, "ಬೈಬೇಡಪ್ಪ ಅವನನ್ನ, ಆ ಹೆಂಗಸಿನ ಮುಖ ನೋಡು" ಎಂದಳು.

ಹೊರೇಸ್ ಕಾರು ತಿರುಗಿಸಿಕೊಂಡು ಹಡಗುಕಟ್ಟೆಗೇ ವಾಪಸ್ ಬಂದ. ಮುಂದಿನ ಹಡಗಿಗೆ ಹತ್ತಿ ಪೋರ್ಟ್ಸ್‌ಮತ್‌ಗೆ ಹೋಗಿ, ಬೋರ್ಡು ನೋಡಿಕೊಂಡು ಸರಿಯಾದ ಹಡಗು ಹಿಡಿದರಾಯಿತು ಎಂದು ಅವನ ಲೆಕ್ಕ. ಅಲ್ಲಿಯ ಗುಮಾಸ್ತ ದೊಡ್ಡ ಪುಸ್ತಕ ತಿರುವಿದ.

"ಈ ವಾರ ದೋಣಿ ಪಂದ್ಯ, ಸರ್. ದ್ವೀಪದ ತುಂಬ ಜನ. ಬರೋರೆಲ್ಲಾ ಬಂದಾಗಿದೆ, ಹೋಗೋರ ಕಾರಿಗೆ ಜಾಗ ಇಲ್ಲ. ಬುಧವಾರ ಕೊಡಲಾ?"

"ಬುಧವಾರ! ಇವತ್ತು ಶನಿವಾರ."

"ಹೌದು ಸರ್, ಇವತ್ತು ಶನಿವಾರಾನೇ."

ಕಾರಿನಲ್ಲಿ ಡೋರೀನ್ ತನ್ನ ಫ್ರೆಂಚ್ ಪುಸ್ತಕ ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತಿದ್ದಳು. ಬೈಯಲಿಲ್ಲ. ಬೈದಿದ್ದರೆ ಹೊರೇಸನಿಗೆ ಎಷ್ಟೋ ಹಗುರಾಗುತ್ತಿತ್ತು.

"ಬುಧವಾರ ಫ್ರಾನ್ಸಿನ ಹಡಗಲ್ಲಿ ಜಾಗ ಸಿಗುತ್ತೋ ಇಲ್ಲವೋ. ಮನೆಗೆ ಹೋಗೋಣ ಅಂದ್ರೂ ಆಗಲ್ಲ" ಎಂದ ಹೊರೇಸ್. "ನಾಳೆ ಚರ್ಚಿನಲ್ಲಿ ನಮ್ಮ ಹೆಸರು ಓದ್ತಾರೆ. ಬುಧವಾರ ಹೋಗಿ ಮಿಸೆಸ್ ಪ್ರಾಸರ್ ಹತ್ರ ಬೀಗದ ಕೈ ಕೇಳೋಕೆ ನನ್ನ ಕೈಲಾಗಲ್ಲ ಡೋರೀನ್."

"ಸಿರಿಲ್ ಯಾಕೆ ಇಲ್ಲಿಗೆ ದಾರಿ ಬರೆದ?" ಡೋರೀನ್ ಮೆಲ್ಲಗೆ ಕೇಳಿದಳು.

"ಹೊಸ ರಸ್ತೆ ಆಗಿರಬೇಕು. ಸರ್ಕಲ್ಲು ಬದಲಾಯಿಸಿರ್ತಾರೆ. ಸಿರಿಲ್ ತಪ್ಪು ಬರೆಯೋನಲ್ಲ" ಎಂದ ಹೊರೇಸ್. ಆದರೆ ಹಾಳೆಯನ್ನು ಎಷ್ಟು ಸಲ ಓದಿದರೂ ಎಲ್ಲಿ ತಪ್ಪಿದೆ ಎಂದು ಅವನಿಗೆ ಬಗೆಹರಿಯಲಿಲ್ಲ. ಅದು ಬರೆದ ಹಾಗೇ ಅವನು ಬಂದಿದ್ದ, ಬಂದಲ್ಲಿ ಫ್ರಾನ್ಸ್ ಇರಲಿಲ್ಲ.

ಡೇರೆ ಹಾಕಲು ಜಾಗ ಹುಡುಕುತ್ತ ಮಧ್ಯಾಹ್ನವೆಲ್ಲ ಅಲೆದರು. ನಾಲ್ಕು ಕಡೆ ಜಾಗವಿಲ್ಲ ಎಂದರು. ಐದನೆಯದು ಒಂದು ಹಂದಿ ಕೊಟ್ಟಿಗೆಯ ಹಿಂದಿನ ಹುಲ್ಲುಗಾವಲು. ರಬ್ಬರ್ ಬೂಟಿನ ಒಡತಿ, "ಮೂಲೆಯಲ್ಲಿ ಒಂದು ಜಾಗ ಇದೆ. ಗಾಳಿ ಈ ಕಡೆ ಬೀಸಿದ್ರೆ ಸ್ವಲ್ಪ ವಾಸನೆ" ಎಂದಳು. ಗಾಳಿ ಈ ಕಡೆಯೇ ಬೀಸುತ್ತಿತ್ತು.

ಹೊರೇಸ್ ಡೇರೆಯ ಚೀಲ ಬಿಚ್ಚುತ್ತಿದ್ದಾಗ ಪಕ್ಕದಿಂದ ಜಗಳದ ಸದ್ದು ಬಂತು. ಹಳದಿ ದೀಪದ ಒಂದು ಪರದೇಶಿ ಕಾರು ನಿಂತಿತ್ತು. ಗಂಟುಮೂಟೆ ಎಲ್ಲ ಕಟ್ಟಿ ಮುಗಿದಿತ್ತು. ಬಿಳಿ ಗಡ್ಡದ ಗಂಡ, ದಪ್ಪ ಹೆಂಡತಿ, ಇಬ್ಬರೂ ಒಂದು ಸಾರ್ಡೀನ್ ಡಬ್ಬಿಯನ್ನು ನಡುವೆ ಇಟ್ಟುಕೊಂಡು, ಡಬ್ಬಿ ತೆರೆಯುವ ಸಾಧನ ಎಲ್ಲಿ ಕಟ್ಟಿಟ್ಟೆ ಎಂದು ಒಬ್ಬರನ್ನೊಬ್ಬರು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಅದೂ ಫ್ರೆಂಚಿನಲ್ಲಿ.

ಡೋರೀನ್ ಎದ್ದು ನಿಂತಳು. ಲಂಗ ಸರಿಮಾಡಿಕೊಂಡಳು. ತಮ್ಮ ಅಡುಗೆ ಪೆಟ್ಟಿಗೆಯಿಂದ ಡಬ್ಬಿ ತೆರೆಯುವುದನ್ನು ತೆಗೆದುಕೊಂಡು ಅವರ ಬಳಿ ಹೋಗಿ, ಮೂರು ಚಳಿಗಾಲ ನಲ್ಲಿಯ ಮುಂದೆ ಆಡಿದ ದನಿಯಲ್ಲಿ ಏನೋ ಹೇಳಿದಳು. ಆ ಹೆಂಗಸು ಬಾಯಿ ತೆರೆದು ಇವಳನ್ನೇ ನೋಡಿ, ಉತ್ತರ ಕೊಟ್ಟಳು. ಇವಳು ಅದಕ್ಕೆ ಉತ್ತರ ಕೊಟ್ಟಳು. ಗಡ್ಡದವನು ಏನೋ ಸೇರಿಸಿದ, ಮೂವರೂ ನಕ್ಕರು. ಡೋರೀನ್ ನಕ್ಕದ್ದು ಗಂಡನ ಎದುರು ನಗುತ್ತಿದ್ದ ಹಳೆಯ ನಗುವಲ್ಲ. ಆ ಹೆಂಗಸು ಅವಳ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟು, ಪೆಟ್ಟಿಗೆಯ ಮೇಲೆ ಕೂರಿಸಿಕೊಂಡಳು.

ಹೊರೇಸ್ ಖಾಲಿ ನೀರಿನ ಕ್ಯಾನು ಹಿಡಿದು ನೋಡುತ್ತ ನಿಂತ. ಅವನಿಗೆ ಸಂತೋಷವಾಯಿತು. ಹೋಗಿ ಪಕ್ಕದಲ್ಲಿ ಕೂರೋಣವೆಂದರೆ ಅವನಿಗೆ ಬರುತ್ತಿದ್ದ ಫ್ರೆಂಚ್ ಒಂದೇ ಪದ, ಅದೂ ಕುದುರೆ. ನೀರು ತರಲು ಹೋದ.

ನಲ್ಲಿ ಒಂದು ಗಿಡದ ಬೇಲಿಯ ಪಕ್ಕದಲ್ಲಿತ್ತು. ಕ್ಯಾನು ತುಂಬುತ್ತಿದ್ದಾಗ ಬೇಲಿಯ ಹಿಂದಿನಿಂದ ಒಂದು ದನಿ ಬಂತು.

"ಗೂಟ ಹಾಗಲ್ಲ ಮಾರಾಯಾ, ಓರೆಯಾಗಿ ಹೊಡಿ. ಹದಿನೈದು ವರ್ಷದಿಂದ ಹೊಡೀತಿದೀನಿ ನಾನು. ಹೊಸಬರೇ ನೆಟ್ಟಗೆ ಹೊಡಿಯೋದು."

ಕ್ಯಾನು ತುಂಬಿ ಹರಿದು ಹೊರೇಸನ ಬೂಟು ನೆನೆಯಿತು. ಅವನಿಗೆ ತಿಳಿಯಲಿಲ್ಲ. ಬೇಲಿ ಸರಿಸಿ ನೋಡಿದ. ಮಡಚು ಕುರ್ಚಿಯಲ್ಲಿ, ನಾಲ್ಕು ಮೂಲೆ ಗಂಟು ಹಾಕಿದ ಕರವಸ್ತ್ರ ತಲೆಗೆ ಹೊದ್ದು, ಪಾದ ಬಿಸಿಲಿಗೆ ಚಾಚಿ ಕುಳಿತಿದ್ದ ಸಿರಿಲ್ ಬ್ಯಾಗ್‌ಶಾ. ಆಚೆ ಡೇರೆಯ ಬಡಪಾಯಿ ಗೂಟ ಕಿತ್ತು ಮತ್ತೆ ಹೊಡೆಯುತ್ತಿದ್ದ. ಹಿಲ್ಡಾ ಆಲೂಗಡ್ಡೆ ಸುಲಿಯುತ್ತಿದ್ದಳು.

"ಸಿರಿಲ್? ಇದು ಇಟಲೀನಾ?"

ಇಷ್ಟಾದ ಮೇಲೂ ಹೊರೇಸ್ ಅದನ್ನು ನಿಜವಾಗಿಯೇ ಕೇಳಿದ. ಆ ದಿನ ಅವನಿಗೆ ಯಾವುದರ ಮೇಲೂ ನೆಚ್ಚಿಕೆ ಉಳಿದಿರಲಿಲ್ಲ.

ಸಿರಿಲ್‌ನ ಕೆಂಪು ಮುಖ ಬಿಳುಪಾಯಿತು. ಎದ್ದ, ಕುಳಿತ, ಮತ್ತೆ ಎದ್ದ. ಹೊರೇಸನ ತೋಳು ಹಿಡಿದು ಕೊಟ್ಟಿಗೆಯ ಗೋಡೆಯ ಮರೆಗೆ ಎಳೆದುಕೊಂಡು ಹೋದ.

"ಮೆಲ್ಲಗೆ ಮಾತಾಡು. ಬೀದಿಯೋರು ಯಾರಾದ್ರೂ ಬಂದಿದಾರಾ ನಿನ್ನ ಜೊತೆ?"

"ಇಲ್ಲ. ಸಿರಿಲ್, ನೀವು ಬರೆದುಕೊಟ್ಟ ದಾರಿ..."

"ಸರಿಯಾಗಿತ್ತಾ?"

"ಬಹಳ ಸರಿಯಾಗಿತ್ತು."

"ಇರಲೇಬೇಕಲ್ಲ" ಎಂದ ಸಿರಿಲ್, ಅಷ್ಟು ನಾಚಿಕೆಯ ನಡುವೆಯೂ ಒಂದು ಗಳಿಗೆ ಎದೆ ಉಬ್ಬಿಸಿ. ಆಮೇಲೆ ಗೋಡೆಗೆ ಒರಗಿ ಕುಸಿದ. "ಮೊದಲನೇ ವರ್ಷ ನಾನೂ ಫ್ರಾನ್ಸಿಗೆ ಅಂತಲೇ ಹೊರಟೆ ಕಣೋ. ಬೀದಿಗೆಲ್ಲಾ ಹೇಳಿದ್ದೆ. ತಪ್ಪು ಹಡಗು ಹತ್ತಿದೆ. ಇಳಿದ ಮೇಲೆ ಯಾವ ಮುಖ ಹೊತ್ಕೊಂಡು ವಾಪಸ್ ಹೋಗಲಿ? ಎರಡು ವಾರ ಇಲ್ಲೇ ಬಚ್ಚಿಟ್ಕೊಂಡೆ. ಬಂದಾಗ ಎಲ್ಲರೂ ಫ್ರಾನ್ಸ್ ಹೇಗಿತ್ತು ಅಂದ್ರು. ಚೆನ್ನಾಗಿತ್ತು ಅಂದೆ. ಮುಂದಿನ ವರ್ಷ ಇನ್ನೂ ದೂರ ಹೋಗಬೇಕಾಯ್ತು."

"ಆದ್ರೆ ನನಗೆ ಯಾಕೆ ಇಲ್ಲಿಗೆ ದಾರಿ ಬರೆದ್ರಿ?"

"ಬೇರೆ ದಾರಿ ಬರೆಯೋಕೆ ನನಗೆ ಬೇರೆ ದಾರಿ ಗೊತ್ತಿರಬೇಕಲ್ಲ, ಹೊರೇಸ್!" ಸಿರಿಲ್‌ನ ಕಣ್ಣಲ್ಲಿ ನೀರೇ ಬಂತು. "ನಿನ್ನ ಕಾಲಿಗೆ ಬೀಳ್ತೀನಿ. ಮಿಸೆಸ್ ಪ್ರಾಸರ್‌ಗೆ ಮಾತ್ರ ಹೇಳಬೇಡ."

ಹೊರೇಸನಿಗೆ ರೇಗಿತು. ಅವನಿಗೆ ಬಯ್ಯಲು ಬಾರದು, ಆದರೂ ತೊದಲುತ್ತ ಶುರುಮಾಡಿದ. ಅಷ್ಟರಲ್ಲಿ ಡೋರೀನ್ ಓಡುತ್ತ ಬಂದಳು, ಇಪ್ಪತ್ತು ವರ್ಷ ಚಿಕ್ಕವಳಾದ ಹಾಗೆ. ಸಿರಿಲ್‌ನನ್ನು ಕಂಡು ಒಂದು ಕ್ಷಣ ನಿಂತಳು, ಮೇಲಿಂದ ಕೆಳಗೆ ನೋಡಿದಳು, ಎಲ್ಲ ಅರ್ಥವಾಯಿತು ಎನ್ನುವಂತೆ ತಲೆಯಾಡಿಸಿ ಗಂಡನ ಕಡೆ ತಿರುಗಿದಳು.

"ಹೊರೇಸ್! ಅವರು ಮೊರ್ಲೆ ಅಂತ. ಇವತ್ತು ಸಂಜೆಯ ಹಡಗಿಗೆ ಪೋರ್ಟ್ಸ್‌ಮತ್, ಅಲ್ಲಿಂದ ರಾತ್ರಿ ಫ್ರಾನ್ಸಿನ ಹಡಗು. ಊರಲ್ಲಿ ತೋಟದ ಮನೆ ಇದೆಯಂತೆ, ಬನ್ನಿ ಅಂತಿದಾರೆ. ಅವರ ಕಾರಲ್ಲಿ ಹಿಂದೆ ಎರಡು ಸೀಟು ಖಾಲಿ. ನಮ್ಮ ಕಾರು ಇಲ್ಲೇ ಇರಲಿ. ಎರಡು ಸೀಟು ಹೊರೇಸ್!"

ಬೆಳಗಿನಿಂದ ಮೊದಲ ಸಲ ಹೊರೇಸನಿಗೆ ಎಲ್ಲವೂ ತಿಳಿಯಾಯಿತು. ಅವನು ಹೆಂಡತಿಯ ಎರಡೂ ಕೈ ಹಿಡಿದುಕೊಂಡ. "ಹೋಗೋಣ. ಈಗಲೇ ಹೋಗೋಣ. ನೀನು ಚೌಕದಲ್ಲಿ ಕೂತು ಊಟ ಹೇಳಬೇಕು, ನಾನು ನೋಡಬೇಕು" ಎಂದು ಯಾರಿಗೂ ಹೇಳದ ಮಾತನ್ನೂ ಹೇಳಿಬಿಟ್ಟ.

ಡೋರೀನ್ ಮುಖ ಅರಳಿತು. "ಹಾಗಾದ್ರೆ ಪಾಸ್‌ಪೋರ್ಟ್ ತಗೋ ಬೇಗ."

"ಪಾಸ್‌ಪೋರ್ಟು?"

"ಫ್ರಾನ್ಸಿಗೆ ಅದಿಲ್ಲದೆ ಹೆಜ್ಜೆ ಇಡೋಕೆ ಬಿಡಲ್ಲಂತೆ. ನಾನು ಜೂನ್‌ನಲ್ಲೇ ಅಂಚೆ ಕಚೇರಿಗೆ ಹೋಗಿ ಮಾಡ್ಸಿದೆ. ನೀನೂ ಮಾಡ್ಸಿರ್ತೀಯ ಅಂದ್ಕೊಂಡೆ."

ಹೊರೇಸ್ ಸಿರಿಲ್‌ನನ್ನು ನೋಡಿದ. ಸಿರಿಲ್ ಹಂದಿಗಳನ್ನು ನೋಡಿದ.

ಹಂದಿಯೊಂದು ಗುಟುರು ಹಾಕಿತು. ಡೋರೀನ್ ಗಂಡನ ಕೈ ಬಿಡದೆ, "ಹಾಗಾದ್ರೆ ನಾನೂ ಹೋಗಲ್ಲ ಬಿಡು" ಎಂದಳು. ಹೇಳುವಾಗ ಅವಳ ದನಿ ಭಾನುವಾರ ಮೊಟ್ಟೆ ಒಡೆಯುತ್ತ 'ಬೇಜಾರಿಲ್ಲ' ಎಂದ ದನಿಯೇ ಆಗಿ ಹೋಯಿತು. ಹೊರೇಸನಿಗೆ ಅದನ್ನು ತಡೆಯಲಾಗಲಿಲ್ಲ.

"ಬೇಡ. ನೀನು ಹೋಗು ಡೋರೀನ್. ಹೋಗಲೇಬೇಕು. ಹೇಗಿತ್ತು ಅಂತ ಬಂದು ಹೇಳು."

"ಒಬ್ಬಳೇನಾ?"

"ಒಬ್ಬಳೇ ಯಾಕೆ?" ಎಂದಿತು ಹಿಂದಿನಿಂದ ಒಂದು ದನಿ.

ಹಿಲ್ಡಾ. ಅವಳು ಏಪ್ರನ್ ಬಿಚ್ಚಿ, ಮಡಿಸಿ, ಗಂಡನ ಕೈಗೆ ಕೊಟ್ಟಳು. ಕೈಚೀಲ ತೆರೆದು, ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತೆಗೆದಳು. ಅಂಚೆ ಕಚೇರಿಯವರು ಕೊಡುವ, ಒಂದೇ ವರ್ಷ ಬಾಳುವ ಪಾಸ್‌ಪೋರ್ಟ್ ಕಾರ್ಡುಗಳು. ಹದಿನೈದು ಇದ್ದವು. ಮೊದಲನೆಯದರ ಚಿತ್ರದಲ್ಲಿ ಕಪ್ಪು ಕೂದಲಿನ ಹೆಂಗಸು, ಕೊನೆಯದರಲ್ಲಿ ನರೆತವಳು.

"ಪ್ರತಿ ಜುಲೈ ಮಾಡಿಸ್ಕೊಂಡು ಬರ್ತಿದ್ದೆ" ಎಂದಳು ಹಿಲ್ಡಾ. ಅವಳು ಇಷ್ಟು ಮಾತಾಡಿದ್ದನ್ನು ಹೊರೇಸ್ ಎಂದೂ ಕೇಳಿರಲಿಲ್ಲ. "ಈ ವರ್ಷ ಆದ್ರೂ ಆ ಸರ್ಕಲ್ಲಿನಲ್ಲಿ ತಿರುಗಿಸ್ತಾನೇನೋ ಅಂತ. ಹದಿನೈದು ಸಲವೂ ನೇರ ಹೋದ."

"ಹಿಲ್ಡಾ, ನನಗೇನು ಗೊತ್ತು, ನೀನು ಒಂದು ದಿನ ಬಾಯಿಬಿಟ್ಟು ಹೇಳಿದ್ರೆ..."

"ಹೇಳೋಕೆ ನೀನು ಎಲ್ಲಿ ಬಿಟ್ಟೆ?" ಎಂದಳು. ಅಷ್ಟೇ. ಕೋಪವೂ ಇರಲಿಲ್ಲ ಅದರಲ್ಲಿ. ಹೋಗಿ ಒಂದು ಪುಟ್ಟ ಪೆಟ್ಟಿಗೆ ತಂದಳು. ಅದೂ ಮೊದಲೇ ಕಟ್ಟಿತ್ತು.

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಮೊರ್ಲೆ ದಂಪತಿಗಳು ಮುಂದೆ, ಡೋರೀನ್ ಮತ್ತು ಹಿಲ್ಡಾ ಹಿಂದೆ. ಡೋರೀನ್ ಕಿಟಕಿಯಿಂದ ಹೊರಗೆ ಬಗ್ಗಿ ಗಂಡನಿಗೆ ಮುತ್ತಿಟ್ಟು, "ಎರಡು ವಾರ, ಹೊರೇಸ್. ಸ್ಯಾಂಡ್‌ವಿಚ್ ಬಿಟ್ಟು ಹೋಗ್ತಿದೀನಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ಮುಖ ಮಾತ್ರ ಹೊಳೆಯುತ್ತಿತ್ತು. ಹೊರೇಸ್ ನೋಡಬೇಕೆಂದಿದ್ದ ಮುಖ ಅದೇ. ಕಾರು ಗೇಟು ದಾಟುವಾಗ ಹಿಲ್ಡಾ ಏನೋ ಹೇಳಿದ್ದು, ಒಳಗಿದ್ದ ನಾಲ್ವರೂ ನಕ್ಕದ್ದು ಕೇಳಿಸಿತು.

ಇಬ್ಬರು ಗಂಡಸರು ಹುಲ್ಲಿನ ಮೇಲೆ ನಿಂತೇ ಇದ್ದರು. ಬುಧವಾರ ಹಡಗಿನಲ್ಲಿ ಜಾಗ ಸಿಗುತ್ತಿತ್ತು. ಆದರೆ ಹೆಂಡತಿಯರಿಲ್ಲದೆ ಲಾರ್ಚ್ ಕ್ಲೋಸಿಗೆ ಕಾಲಿಟ್ಟು ಮಿಸೆಸ್ ಪ್ರಾಸರ್‌ಗೆ ಏನು ಹೇಳುವುದು? ಅದನ್ನು ಇಬ್ಬರೂ ಬಾಯಿಬಿಟ್ಟು ಆಡಬೇಕಾಗಿರಲಿಲ್ಲ. ಬಿಸಿಲು ಇಳಿಯಿತು. ಗಾಳಿ ಕೊಟ್ಟಿಗೆಯ ಕಡೆಯಿಂದಲೇ ಬೀಸುತ್ತಿತ್ತು. ಹಿಲ್ಡಾ ಅರ್ಧ ಸುಲಿದಿಟ್ಟ ಆಲೂಗಡ್ಡೆ ಬೋಗುಣಿಯಲ್ಲಿ ಕಪ್ಪಾಗುತ್ತಿತ್ತು.

"ಹೊರೇಸ್," ಎಂದ ಸಿರಿಲ್ ಬೋಗುಣಿ ನೋಡುತ್ತ, "ನಿನಗೆ ಅಡುಗೆ ಬರುತ್ತಾ?"

"ಇಲ್ಲ. ನಿಮಗೆ?"

ಸಿರಿಲ್ ಕಣ್ಣೊರೆಸಿಕೊಂಡು, ಮಡಚು ಕುರ್ಚಿಯನ್ನು ಒಲೆಯ ಹತ್ತಿರ ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ ಕುಳಿತ.

"ಅದೇನು ಮಹಾ ವಿದ್ಯೆ? ನಾನು ಹೇಳ್ತೀನಿ, ನೀನು ಮಾಡು. ಮೊದಲನೇ ಮಾತು, ಒಲೆಯ ಮೇಲೆ ಬರೆದಿರೋದನ್ನ ಓದಬೇಡ, ಅದೆಲ್ಲಾ ಹೊಸಬರಿಗೆ."

ಹೊರೇಸ್ ಬೇರೆ ದಾರಿ ಕಾಣದೆ ಬೆಂಕಿಪೊಟ್ಟಣ ಎತ್ತಿಕೊಂಡ. ಇನ್ನೂ ಹದಿಮೂರು ದಿನ ಬಾಕಿ ಇತ್ತು.